ಒಂದೇ ಬೆಂಚು, ಎರಡು ಲೆಕ್ಕ: ಕುಜ್-ರಾಮ್ ಮತ್ತು ಎಲ್ಎಸ್-ಡೈನಾ

ಸಂಡೂರಿನ ಗಣಿಯೊಂದರಲ್ಲಿ ಬ್ಲಾಸ್ಟಿಂಗ್ ಪ್ಲಾನ್ ಹಾಕುವುದು ನನ್ನ ಕೆಲಸ. ಮೆತ್ತನೆ ಅದಿರಿನಲ್ಲಿ ತಕರಾರಿಲ್ಲ. ಬಿಎಚ್‌ಕ್ಯೂ (ಕಬ್ಬಿಣದ ಅದಿರೂ ಸ್ಫಟಿಕ ಶಿಲೆಯೂ ಪದರಪದರವಾಗಿ ಸೇರಿದ ಗಟ್ಟಿ ಕಲ್ಲು) ಪಟ್ಟೆ ಸಿಕ್ಕರೆ ಮಾತ್ರ ದೊಡ್ಡ ದೊಡ್ಡ ಬೋಲ್ಡರ್ ಉಳಿದುಬಿಡುತ್ತವೆ, ರಾಕ್ ಬ್ರೇಕರ್ ದಿನವಿಡೀ ಕುಟ್ಟಬೇಕು. ಅಂಥದೊಂದು ಬೆಂಚಿಗೆ (ಗಣಿಯ ಮೆಟ್ಟಿಲಿಗೆ), ಸ್ಫೋಟಿಸಿದರೆ ಕಲ್ಲು ಹೇಗೆ ಒಡೆಯುತ್ತದೆ ಅಂತ ಎರಡು ಥರ ಲೆಕ್ಕ ಹಾಕಿ ನೋಡಿದೆ: ತುಂಡಿನ ಗಾತ್ರ ಅಂದಾಜು ಮಾಡುವ ಕುಜ್-ರಾಮ್ ಸೂತ್ರದಲ್ಲಿ, ಮತ್ತೆ ಎಲ್ಎಸ್-ಡೈನಾ ಅನ್ನುವ ಸಿಮ್ಯುಲೇಶನ್ ಸಾಫ್ಟ್‌ವೇರಿನಲ್ಲಿ. ಎತ್ತರ 6 ಮೀಟರ್, ಸಿಡಿಮದ್ದು ತುಂಬುವ ಹೋಲಿನ ಅಗಲ 115 ಮಿಲಿಮೀಟರ್.

ಕುಜ್-ರಾಮ್ ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ. 1983ರಲ್ಲಿ ಕನಿಂಗ್‌ಹ್ಯಾಮ್ ಕೊಟ್ಟ ಸೂತ್ರ. ಉತ್ತರವೆಲ್ಲ ನಿಂತಿರುವುದು ಬಂಡೆಯ ಅಂಕಿಯ ಮೇಲೆ: ಮಧ್ಯಮ ಗಟ್ಟಿಗೆ 7, ಗಟ್ಟಿಯಾಗಿದ್ದು ಬಿರುಕು ಜಾಸ್ತಿ ಇದ್ದರೆ 10, ಬಿರುಕು ಕಡಿಮೆ ಇದ್ದರೆ 13. ನಾನು 10 ಹಾಕಿದ್ದೆ. ಒಡೆದ ರಾಶಿಯ ಮೇಲೆ ಅಳತೆಗೆ ಅಂತ ಚೆಂಡಿಟ್ಟು ಫೋಟೊ ತೆಗೆದು ಅಳೆದರೆ ತುಂಡುಗಳು ಲೆಕ್ಕಕ್ಕಿಂತ ದಪ್ಪ. 13 ಹಾಕಿದ ಮೇಲೆ ನಡು ಗಾತ್ರ ಹತ್ತಿರ ಬಂತು. ಆದರೆ ಫೈನ್ಸ್ (ಪುಡಿ) ಎಷ್ಟು ಬೀಳುತ್ತದೆ ಅನ್ನುವುದನ್ನು ಇದು ಕಡಿಮೆಯೇ ಹೇಳುತ್ತದೆ. ಅದಿರಿನ ಬೆಂಚಿನಲ್ಲಿ ಅದೇ ಮುಖ್ಯ, ಅಲ್ವಾ? ಒಂದು ಹೋಲ್ ಸಿಡಿದು ಇನ್ನೊಂದು ಸಿಡಿಯುವ ನಡುವಿನ ಡಿಲೇ 17 ಮಿಲಿಸೆಕೆಂಡ್ ಇಟ್ಟರೂ 25 ಇಟ್ಟರೂ ಮೂಲ ಸೂತ್ರದ ಉತ್ತರ ಒಂದೇ.

ಎಲ್ಎಸ್-ಡೈನಾದಲ್ಲಿ ಎರಡೇ ಹೋಲಿನ ಮಾಡೆಲ್‌ಗೆ ನಮ್ಮ ಡೆಸ್ಕ್‌ಟಾಪ್ ರಾತ್ರಿಯಿಡೀ ಓಡಿತು. ಬಂಡೆಗೆ ಆರ್‌ಎಚ್‌ಟಿ ಅನ್ನುವ ಮಾದರಿ ಬಳಸಿದೆ, ಒತ್ತಡಕ್ಕೆ ಬಂಡೆ ಹೇಗೆ ಒಡೆಯುತ್ತದೆ ಅಂತ ಹೇಳುವ ಸಮೀಕರಣಗಳು. ಅದು ಮೂಲದಲ್ಲಿ ಕಾಂಕ್ರೀಟಿಗೆ ಮಾಡಿದ್ದು, 30ಕ್ಕೂ ಹೆಚ್ಚು ಅಂಕಿ ಕೇಳುತ್ತದೆ. ನನ್ನ ಹತ್ತಿರ ಲ್ಯಾಬಿನಿಂದ ಬಂದಿದ್ದು ನಾಲ್ಕೈದು, ಉಳಿದದ್ದೆಲ್ಲ ಬೇರೆ ಕಲ್ಲಿನದು. ಮೆಶ್ (ಮಾಡೆಲ್ಲನ್ನು ಚಿಕ್ಕ ಚಿಕ್ಕ ತುಂಡಾಗಿ ಭಾಗಿಸುವ ಬಲೆ) ಬದಲಿಸಿದರೆ ಬಿರುಕಿನ ದಾರಿಯೂ ಬದಲಾಗುತ್ತಿತ್ತು. ಹಾಗಾಗಿ ತುಂಡಿನ ಗಾತ್ರಕ್ಕೆ ಇದನ್ನು ನಂಬಲಿಲ್ಲ.

ಆದರೂ ಆ ರಾತ್ರಿ ಸುಮ್ನೆ ಹೋಗಲಿಲ್ಲ. ಪರದೆಯಲ್ಲಿ ಬಿರುಕುಗಳು ತಳದಿಂದ ಕವಲೊಡೆದು ಪಕ್ಕದ ಹೋಲಿಗೆ ಮುಟ್ಟಿದವು. ಮೇಲೆ ಸ್ಟೆಮ್ಮಿಂಗ್ (ಸಿಡಿಮದ್ದಿನ ಮೇಲೆ ಹೋಲಿನ ಬಾಯಿಗೆ ತುಂಬುವ ಜಲ್ಲಿ-ಮಣ್ಣು) ಸುತ್ತಲಿನ ಬಂಡೆ ಮಾತ್ರ ಹಾಗೇ ಉಳಿಯಿತು. ಬೆಳಿಗ್ಗೆ ಹೋಗಿ ಬೋಲ್ಡರುಗಳನ್ನು ಒಂದೊಂದಾಗಿ ನೋಡಿದೆ. ಹೆಚ್ಚಿನವುಗಳ ಒಂದು ಬದಿ ಡ್ರಿಲ್ ಮಷಿನ್ ಓಡಾಡಿ ಸವೆದಿದ್ದ ಬೆಂಚಿನ ಮೇಲ್ಮೈಯೇ! ಅಂದರೆ ಅವು ಮೇಲಿನ ಬಂಡೆಯಿಂದಲೇ ಬಂದವು. ತಳ ಚೆನ್ನಾಗಿಯೇ ಒಡೆದಿತ್ತು. ಎಕ್ಸೆಲ್ ಇದನ್ನು ಎಂದೂ ಹೇಳುತ್ತಿರಲಿಲ್ಲ.

ಊರಿನ ಕಡೆ ಹೋಗುವ ನೆಲದ ಕಂಪನದ ಲೆಕ್ಕಕ್ಕೆ ಮಾತ್ರ ಎರಡನ್ನೂ ಬಳಸುವುದಿಲ್ಲ. ಗಣಿ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ ಡಿಜಿಎಂಎಸ್. ಗಣಿಗೆ ಸೇರದ ಮನೆಗಳಿಗೆ, 8 ಹರ್ಟ್ಸ್‌ಗಿಂತ ಕೆಳಗಿನ ಕಂಪನಕ್ಕೆ, ಡಿಜಿಎಂಎಸ್‌ನ 1997ರ ಮಿತಿ ಸೆಕೆಂಡಿಗೆ 5 ಮಿಲಿಮೀಟರ್. ಅದಕ್ಕೆ ನಮ್ಮದೇ ಸೀಸ್ಮೋಗ್ರಾಫ್ ರೀಡಿಂಗ್‌ಗಳಿಂದ ಎಳೆದ ಗೆರೆಯೇ ಆಧಾರ.

ದಿನದ ಪ್ಲಾನ್ ಈಗಲೂ ಕುಜ್-ರಾಮ್‌ನಲ್ಲೇ, 13 ಹಾಕಿ. ಮೇಲಿನ ಬಂಡೆಯೂ ಒಡೆಯಲಿ ಅಂತ ಸ್ಟೆಮ್ಮಿಂಗ್ ಕಡಿಮೆ ಮಾಡಿದರೆ ಕಲ್ಲು ಹಾರುತ್ತದೆ. ಅದಕ್ಕೇ ಹೋಲುಗಳ ನಡುವೆ ಮೋಟು ಹೋಲ್ ಕೊರೆದರೆ ಹೇಗೆ ಅಂತ ಡೈನಾದಲ್ಲಿ ಓಡಿಸಿ ನೋಡುತ್ತಿದ್ದೇನೆ.