ಟೀನೇಜ್ ಮಕ್ಕಳ ಕ್ಲಾಸಿಗೆ ಯೂವರ್ಷನ್ ಬೈಬಲ್ ಆ್ಯಪ್ ಹೇಗಿದೆ

ಕನ್ನಡ ಸಭೆಗಳಲ್ಲಿ (ಚರ್ಚ್‌ಗಳಲ್ಲಿ) ಟೀನೇಜ್ ಮಕ್ಕಳ ಕ್ಲಾಸ್ ತಗೊಳ್ಳೋರಿಗೆ ಉಪಯೋಗ ಆಗ್ಲಿ ಅಂತ ಯೂವರ್ಷನ್ ಬೈಬಲ್ ಆ್ಯಪ್ ಬಗ್ಗೆ ಬರೀತಿದೀನಿ. ನಮ್ಮದು ಮೈಸೂರು ಕಡೆ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಸಂಡೇ ಸ್ಕೂಲ್‌ನಲ್ಲಿ ಚಿಕ್ಕ ಮಕ್ಕಳು ತುಂಬಿರ್ತಾರೆ, ಬೇಸಿಗೆ ರಜೆಯ ಬೈಬಲ್ ಶಾಲೆಗಂತೂ (ವಿಬಿಎಸ್) ಜಾಗ ಸಾಲಲ್ಲ, ಆದ್ರೆ ಒಂಬತ್ತನೇ ಕ್ಲಾಸ್ ದಾಟಿದ್ರೆ ಒಬ್ಬೊಬ್ರೇ ಕಾಣೋದು ಕಮ್ಮಿ ಆಗ್ತಾರೆ, ಭಾನುವಾರ ಬೆಳಗ್ಗೆನೇ ಟ್ಯೂಷನ್, ಆಮೇಲೆ ಪಿಯುಸಿ, ಸಿಇಟಿ, ಕನ್ಫರ್ಮೇಶನ್ (ಸಭೆಯ ಪೂರ್ಣ ಸದಸ್ಯರಾಗೋ ವಿಧಿ) ಆದ್ಮೇಲೆ ಕೆಲವರು ಕ್ರಿಸ್‌ಮಸ್ ಕ್ಯಾರಲ್ಸ್ ಟೈಮಲ್ಲಿ ಮಾತ್ರ. ಬರೋ ಮಕ್ಕಳಿಗೂ ಒಂದು ಕಷ್ಟ ಇದೆ, ದೊಡ್ಡೋರು ಅದನ್ನ ಗಮನಿಸಲ್ಲ. ಇಂಗ್ಲಿಷ್ ಮೀಡಿಯಂ ಮಕ್ಕಳು, ಮನೇಲಿ ಕನ್ನಡ ಚೆನ್ನಾಗೇ ಮಾತಾಡ್ತಾರೆ, ಸತ್ಯವೇದ (ಕನ್ನಡ ಬೈಬಲ್) ಕೈಗೆ ಕೊಟ್ಟು ಓದಿ ಅಂದ್ರೆ ಒತ್ತಕ್ಷರ ಬಂದ ಕಡೆ ನಿಂತುಬಿಡ್ತಾರೆ. ಪಕ್ಕದಲ್ಲಿ ಒಬ್ರು ನಕ್ಕರೆ ಮುಗೀತು, ಮತ್ತೆ ಎದ್ದು ನಿಂತು ಓದೋದೇ ಇಲ್ಲ.

ಯೂವರ್ಷನ್ 2008ರಿಂದ ಇರೋ ಆ್ಯಪ್, ಅಮೆರಿಕದ ಒಂದು ಚರ್ಚ್ ಶುರು ಮಾಡಿದ್ದು, ದುಡ್ಡು ಕೊಡ್ಬೇಕಿಲ್ಲ, ಜಾಹೀರಾತಿಲ್ಲ. ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ವರ್ಷನ್ ಇದೆ, ಬಿಎಸ್‌ಐ (ಬೈಬಲ್ ಸೊಸೈಟಿ ಆಫ್ ಇಂಡಿಯಾ) ಹಳೇ ಅನುವಾದನೂ ಸಿಗುತ್ತೆ, ಸುಲಭ ಕನ್ನಡದ್ದೂ ಸಿಗುತ್ತೆ. ಒಂದು ವಚನ ಒತ್ತಿದ್ರೆ ಬೇರೆ ವರ್ಷನ್‌ನಲ್ಲಿ ಹೇಗಿದೆ ಅಂತ ಅಲ್ಲೇ ಹೋಲಿಸಿ ನೋಡ್ಬಹುದು. ಆಡಿಯೋ ಇರೋ ವರ್ಷನ್ ಹಾಕೊಂಡು ಕೇಳ್ತಾ ಕಣ್ಣಲ್ಲಿ ಅಕ್ಷರ ಹಿಂಬಾಲಿಸೋದು, ನನ್ನ ಪ್ರಕಾರ ನಮ್ಮ ಮಕ್ಕಳಿಗೆ ಇದೇ ದೊಡ್ಡ ಲಾಭ. ವಾರಪೂರ್ತಿ ಮನೇಲಿ ಹಾಗೆ ಕೇಳಿ ಕೇಳಿ ಓದಿಕೊಂಡ ಒಬ್ಬ ಹುಡುಗ ಯೂತ್ ಸಂಡೇ ದಿನ ಲೂಕ 15, ಅಂದ್ರೆ ಆಸ್ತಿ ಹಾಳು ಮಾಡಿ ವಾಪಸ್ ಬಂದ ಕಿರಿ ಮಗನ ಕಥೆ ಇರೋ ಅಧ್ಯಾಯ, ಪೂರ್ತಿ ಕನ್ನಡದಲ್ಲೇ ಓದಿದ. ಆರಾಧನೆ ಮುಗಿದ್ಮೇಲೆ ಅಯ್ಯನವರು (ಪಾಸ್ಟರ್) ಕರೆದು "ಮುಂದಿನ ತಿಂಗಳೂ ನೀನೇ ಓದಪ್ಪ" ಅಂದ್ರು, ಅವನಮ್ಮನ ಮುಖ ನೋಡ್ಬೇಕಿತ್ತು.

ಇನ್ನೊಂದು, ಫ್ರೆಂಡ್ಸ್ ಜೊತೆ ಸೇರಿ ದಿನಕ್ಕಿಷ್ಟು ಅಂತ ಓದೋ ಪ್ಲಾನ್. ದಿನದ ಭಾಗ ಓದಿದ್ಮೇಲೆ ಕೊನೇಲಿ ಎಲ್ಲರೂ ಅನಿಸಿದ್ದು ಬರೆಯೋಕೆ ಜಾಗ ಇರುತ್ತೆ. ಕ್ಲಾಸಲ್ಲಿ ಏನು ಕೇಳಿದ್ರೂ "ಗೊತ್ತಿಲ್ಲ ಆಂಟಿ" ಅಂತಿದ್ದ ಹುಡುಗಿ ಅದೇ ಲೂಕ 15ರ ಕಥೆ ಓದಿ ಅಲ್ಲಿ ಬರೆದಿದ್ದು ನೋಡಿ: "ಅಣ್ಣನಿಗೆ ಕೋಪ ಬಂದಿದ್ದು ಸರಿನೇ ಅಲ್ವಾ, ಇಷ್ಟು ವರ್ಷ ದುಡಿದವನಿಗೆ ಅಪ್ಪ ಒಂದು ಆಡುಮರಿನೂ ಕೊಟ್ಟಿಲ್ಲ, ಹಾಳು ಮಾಡಿ ಬಂದವನಿಗೆ ಕೊಬ್ಬಿದ ಕರು!" ಅದರ ಕೆಳಗೆ ಜಗಳವೋ ಜಗಳ, ಮನೇಲಿ ಅಕ್ಕನ್ನ ಒಂಥರಾ ತಮ್ಮನ್ನ ಒಂಥರಾ ನೋಡ್ತಾರೆ ಅನ್ನೋವರೆಗೂ ಬಂತು. ನಾನು ಉತ್ತರ ಕೊಡೋಕೆ ಹೋಗ್ಲಿಲ್ಲ, ಭಾನುವಾರ ಅದನ್ನೇ ಪಾಠ ಮಾಡ್ಕೊಂಡೆ, ಅಪ್ಪ ಆ ದೊಡ್ಡ ಮಗನನ್ನ ಕರೆಯೋಕೂ ಮನೆಯಿಂದ ಹೊರಗೆ ಬಂದ ಅನ್ನೋದನ್ನ ಮಕ್ಕಳೇ ಹುಡುಕಿ ಹೇಳಿದ್ರು. ಮಕ್ಕಳಿಗೆ ಆಸಕ್ತಿ ಇಲ್ಲ ಅಂತ ಕಮಿಟಿಯಲ್ಲಿ ಗಿಟಾರು, ಲೈಟು, ಪಿಜ್ಜಾ ಅಂತ ಖರ್ಚು ಹಾಕ್ತೀವಿ, ಅವರ ಪ್ರಶ್ನೆ ಕೇಳಿಸ್ಕೊಳ್ಳೋಕೆ ಮಾತ್ರ ಟೈಮ್ ಇಡಲ್ಲ.

ಆಯ್ಕೆ ಮಾಡೋವಾಗ ಒಂದು ವಿಷಯ ಗೊತ್ತಿರ್ಲಿ. ಪ್ಲಾನ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷ್, ಅದರಲ್ಲಿ ಬರೋ ಉದಾಹರಣೆಗಳು ನಮ್ಮ ಮಕ್ಕಳ ಬದುಕಿಗೆ ದೂರ. ವಿವರಣೆ ಇಲ್ಲದೆ ಬರೀ ಬೈಬಲ್ ವಾಕ್ಯಭಾಗ ಇರೋ ಪ್ಲಾನ್ ತಗೊಳ್ಳಿ, ನೀವು ಹಾಕಿರೋ ವರ್ಷನ್‌ನಲ್ಲೇ ತೆರೆಯುತ್ತೆ, ಕನ್ನಡ ಹಾಕಿದ್ರೆ ಕನ್ನಡವೇ. ದಿನ ತಪ್ಪದೆ ತೆರೆದ್ರೆ ಸ್ಟ್ರೀಕ್ ಅಂತ ಲೆಕ್ಕ ತೋರಿಸುತ್ತೆ, ಅದನ್ನ ಬಹುಮಾನಕ್ಕೆ ಇಟ್ಕೋಬೇಡಿ, ಮಕ್ಕಳು ತೆರೆದು ಮುಚ್ಚಿ ನಂಬರ್ ಉಳಿಸ್ಕೊಳ್ಳೋಕೆ ನೋಡ್ತಾರೆ.

ಗುಂಪು ಚಿಕ್ಕದಿರ್ಲಿ, ಐದಾರು ಜನ ಸಾಕು, ಪ್ರತಿ ಗುಂಪಲ್ಲೂ ಒಬ್ಬ ಹಿರಿಯರು ಇರ್ಲಿ, ಅಪ್ಪ ಅಮ್ಮನ್ನ ಮೊದಲೇ ಕೇಳಿ. ಸ್ವಂತ ಫೋನ್ ಇಲ್ಲದ ಮಕ್ಕಳೂ ಇರ್ತಾರೆ. ಅವರಿಗೆ ಅದೇ ಅಧ್ಯಾಯ ಪುಸ್ತಕದಲ್ಲಿ ಗುರುತು ಹಾಕ್ಕೊಡಿ, ಭಾನುವಾರ ಚರ್ಚೆ ಶುರು ಮಾಡೋದು ಅವರಿಂದಲೇ ಅಂತ ಇಟ್ಕೊಳ್ಳಿ, ನಾವು ಹಾಗೇ ಮಾಡ್ತಿದೀವಿ.