ವಾಹೂ ಕಿಕರ್ ಕೋರ್: ರೇಸಿಗೆ ಆರು ವಾರ, ಪಕ್ಕದ ರೂಮಲ್ಲಿ ಮಲಗಿದ ಮಕ್ಕಳು

ಈಜು, ಸೈಕಲ್, ಓಟ ಒಂದರ ಹಿಂದೊಂದು ಮುಗಿಸುವ ಗೋವಾದ ಐರನ್‌ಮ್ಯಾನ್ 70.3 ರೇಸಿಗೆ ಹೆಸರು ಕೊಟ್ಟವರ ಮನೆಯಲ್ಲಿ ಕೊನೆಯ ಆರು ವಾರ ಮಾತಿಗೆ ಮಾತು ಬೆಳೆಯುವುದು ಹೆಚ್ಚಾಗಿ ಸೈಕಲ್ಲಿನಿಂದ. 1.9 ಕಿ.ಮೀ. ಈಜು ಪೂಲಿನಲ್ಲಿ ಒಂದು ಗಂಟೆಯೊಳಗೆ ಮುಗಿಯುತ್ತದೆ, ಓಟಕ್ಕೆ ಗೇಟು ದಾಟಿದರೆ ಸಾಕು. 90 ಕಿ.ಮೀ. ಸೈಕಲ್ಲಿಗೆ ತಯಾರಾಗುವುದು ಹಾಗಲ್ಲ. ಬೆಂಗಳೂರಿನಲ್ಲಿ ಒಂದೂವರೆ ಗಂಟೆಯ ಇಂಟರ್ವಲ್ (ಜೋರು, ನಿಧಾನ ಬದಲಿಸುತ್ತಾ ತುಳಿಯುವ ಅಭ್ಯಾಸ) ಮಾಡಲು ಖಾಲಿ ರಸ್ತೆ ಹುಡುಕಿಕೊಂಡು ಹೋಗಿ ಬರುವುದೇ ಇನ್ನೊಂದು ಗಂಟೆ. ಸೈಕಲ್ಲನ್ನು ಕೂರಿಸಿ ಮನೆಯೊಳಗೇ ತುಳಿಯುವ ಟ್ರೈನರ್, ವಾಹೂ ಕಂಪನಿಯ ಕಿಕರ್ ಕೋರ್, ಉಳಿಸುವುದು ಆ ಗಂಟೆಯನ್ನು. ಬೆವರು ಅಷ್ಟೇ ಸುರಿಯುತ್ತದೆ, ಕಾಲು ಅಷ್ಟೇ ನೋಯುತ್ತದೆ.

ಇಲ್ಲಿ ಹೇಳುತ್ತಿರುವುದು 2018ರಲ್ಲಿ ಬಂದ ಮೊದಲ ಮಾದರಿಯ ಬಗ್ಗೆ. ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವುದು ಅದೇ ಆದ್ದರಿಂದ. ಹಿಂದಿನ ಚಕ್ರ ಬಿಚ್ಚಿ, ಚೈನನ್ನು ನೇರವಾಗಿ ಇದರ ಕ್ಯಾಸೆಟ್ಟಿಗೆ (ಹಿಂದಿನ ಗೇರಿನ ಹಲ್ಲುಚಕ್ರಗಳ ಕಟ್ಟು) ಹಾಕಬೇಕು. ಫ್ಲೈವೀಲ್ (ತುಳಿದಾಗ ತಿರುಗುವ ಭಾರದ ಚಕ್ರ) 5.4 ಕಿಲೋ, ಒಟ್ಟು ತೂಕ 18 ಕಿಲೋ, ಪವರ್, ಅಂದರೆ ಎಷ್ಟು ವಾಟ್ ತುಳಿಯುತ್ತೀರಿ ಎನ್ನುವ ಅಳತೆ, ಶೇ. 2ರಷ್ಟು ಆಚೀಚೆ ಆಗಬಹುದು. ಮೊದಲ ಮಾದರಿಯಲ್ಲಿ ಕ್ಯಾಸೆಟ್ ಬೇರೆ ಕೊಳ್ಳಬೇಕಿತ್ತು. ಮಾರುವವರನ್ನು ಮೊದಲು ಕೇಳಬೇಕಾದ್ದು ಅದನ್ನೇ. 8, 9, 10 ಸ್ಪೀಡಿನ ಕ್ಯಾಸೆಟ್ ಆದರೆ ಹಿಂದೆ 1.8 ಮಿ.ಮೀ. ಸ್ಪೇಸರ್ (ತೆಳು ಬಳೆ) ಬೇಕು. ಅದನ್ನು ಮರೆತರೆ ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್ ಎಷ್ಟು ಬಿಗಿ ಮಾಡಿದರೂ ಕ್ಯಾಸೆಟ್ ಲೊಡಲೊಡ ಅಲ್ಲಾಡುತ್ತದೆ. ಎತ್ತಲು ಹಿಡಿಕೆ ಇಲ್ಲ ಎನ್ನುವುದು ಸಣ್ಣ ದೂರಲ್ಲ. ದಿನಾ ಮಂಚದ ಕೆಳಗಿಂದ ಎಳೆದು ಮತ್ತೆ ಒಳಗಿಡುತ್ತೇವೆ ಅಂದುಕೊಂಡವರು ಎರಡನೇ ವಾರಕ್ಕೆ ಆ ಯೋಚನೆ ಬಿಡುತ್ತಾರೆ. ಒಂದೇ ಕಡೆ ಬಿಟ್ಟಿರಲು ಜಾಗ ಇದ್ದರೆ ಮಾತ್ರ ಕೊಳ್ಳಿ.

ಸದ್ದಿನ ವಿಷಯ. ಟ್ರೈನರ್ ಸ್ವತಃ ತಣ್ಣಗೆ ತಿರುಗುತ್ತದೆ, ಕೇಳಿಸುವುದು ಚೈನು ಮತ್ತು ಫ್ಯಾನು. ಬಾಗಿಲು ಹಾಕಿದರೆ ಪಕ್ಕದ ರೂಮಿನ ಮಗು ಏಳುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಐದಕ್ಕೆ ತೊಂದರೆಯಾಗುವುದು ಕೆಳಗಿನ ಮನೆಯವರಿಗೆ. ಕಂಪನ ಕಾಲುಗಳ ಮೂಲಕ ನೆಲಕ್ಕಿಳಿದು, ಅವರ ಸೀಲಿಂಗಿನಲ್ಲಿ ಮಿಕ್ಸಿ ಗುಂಯ್‌ಗುಟ್ಟಿದ ಹಾಗೆ ಕೇಳಿಸುತ್ತದೆ. ತೆಳು ಯೋಗ ಮ್ಯಾಟಿನಿಂದ ಏನೂ ಆಗದು. ವಾಷಿಂಗ್ ಮೆಷಿನ್ ಕೆಳಗಿಡುವ ದಪ್ಪ ರಬ್ಬರ್ ಪ್ಯಾಡುಗಳು, ಮೇಲೊಂದು ಗಟ್ಟಿ ಪ್ಲೈವುಡ್ ಹಲಗೆ, ಅದರ ಮೇಲೆ ಟ್ರೈನರ್: ಇಷ್ಟು ಮಾಡಿದರೆ ಬಹುತೇಕ ತಗ್ಗುತ್ತದೆ. ಇಂಟರ್ವಲ್ ಮಾಡುವಾಗ ಚಿಕ್ಕ ಚೈನ್‌ರಿಂಗಿನಲ್ಲಿ (ಪೆಡಲಿನ ಬಳಿಯ ಹಲ್ಲುಚಕ್ರ) ಇದ್ದರೆ ಫ್ಲೈವೀಲ್ ನಿಧಾನ ತಿರುಗಿ ಸದ್ದು ಇನ್ನೂ ಕಡಿಮೆ. ದೊಡ್ಡ ರಿಂಗಿನಲ್ಲಿ ರಸ್ತೆಯ ಅನುಭವ ಚೆನ್ನಾಗಿ ಸಿಗುತ್ತದೆ, ಅದನ್ನು ಹಗಲಿಗೆ ಇಟ್ಟುಕೊಳ್ಳಿ.

ಮಕ್ಕಳಿರುವ ಮನೆಗೆ ನಿಜವಾದ ಎಚ್ಚರಿಕೆ ಬೇರೆ. ಫ್ಲೈವೀಲ್ ಪಕ್ಕಕ್ಕೆ ತೆರೆದೇ ಇದೆ. ಪೆಡಲ್ ನಿಲ್ಲಿಸಿದ ಮೇಲೂ ಅದು ಸುಮಾರು ಹೊತ್ತು ತಿರುಗುತ್ತಲೇ ಇರುತ್ತದೆ, ಪ್ಲಗ್ ಕಿತ್ತರೂ ನಿಲ್ಲದು. ಮೂರು ವರ್ಷದ ಕೈಗೆ ಹೊಳೆಯುತ್ತಾ ತಿರುಗುವ ಚಕ್ರಕ್ಕಿಂತ ದೊಡ್ಡ ಆಸೆ ಇಲ್ಲ. ಚಿಲಕ ಇರುವ ರೂಮೇ ಆಗಬೇಕು. ಹಾಲಿನಲ್ಲಿ, ಟಿ.ವಿ. ಮುಂದೆ, ಖಂಡಿತಾ ಬೇಡ.

ಇನ್ನೊಂದು, "ಮನೇಲೇ ಇದ್ದೀರಲ್ಲ" ಎನ್ನುವ ಕಷ್ಟ. ಗ್ಯಾಸ್ ಸಿಲಿಂಡರಿನವನು ಬೆಲ್ ಮಾಡುತ್ತಾನೆ, ಕುಕ್ಕರ್ ಕೂಗುತ್ತದೆ, ಸವಾರ ಮಾತ್ರ ಇಆರ್‌ಜಿ ಮೋಡಿನಲ್ಲಿ (ಹೇಳಿದಷ್ಟೇ ವಾಟ್ ಬರುವ ಹಾಗೆ ಯಂತ್ರವೇ ಬಿಗಿ ಹೊಂದಿಸುವ ಮೋಡು) 220 ವಾಟ್ ಹಿಡಿದಿರುತ್ತಾನೆ. ಆ ಮೋಡಿನಲ್ಲಿ ಕಾಲು ನಿಧಾನವಾದಷ್ಟೂ ಯಂತ್ರ ಬಿಗಿಯಾಗುತ್ತಾ ಹೋಗುತ್ತದೆ. ಒಮ್ಮೆ ಇಳಿದು ಹತ್ತಿ ನೇರ ತುಳಿಯಲು ಹೋದರೆ ಪೆಡಲ್ ಕಲ್ಲಾಗಿರುತ್ತದೆ. ಆಗ ಇಆರ್‌ಜಿ ಆಫ್ ಮಾಡಿ, ಕೇಡೆನ್ಸ್ ನಿಮಿಷಕ್ಕೆ 90 ಸುತ್ತಿಗೆ ಬಂದ ಮೇಲೆ ಮತ್ತೆ ಆನ್ ಮಾಡಿ. ಅದಕ್ಕೂ ಮೊದಲು, ವಾರದ ಯಾವ ಎರಡು ದಿನ, ಎಷ್ಟರಿಂದ ಎಷ್ಟರವರೆಗೆ ಎಂದು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ. ಆರೂವರೆ ಎಂದರೆ ಆರೂವರೆಗೆ ಇಳಿಯಬೇಕು. ಟಿಫಿನ್ ಡಬ್ಬಿಯ ಪಾಳಿ ಅಲ್ಲಿಂದ ನಿಮ್ಮದು. ಕರೆಂಟ್ ಹೋದರೆ ಯಂತ್ರ ಸಡಿಲವಾಗಿಬಿಡುತ್ತದೆ, ಇನ್ವರ್ಟರ್ ಇರುವ ಪಾಯಿಂಟಿಗೇ ಹಾಕಿ.

ಫ್ಯಾನಿಗೆ ಚೌಕಾಸಿ ಬೇಡ. ಸೀಲಿಂಗ್ ಫ್ಯಾನ್ ಸಾಲದು, ಎದೆಗೆ ನೇರ ಬಡಿಯುವ ಪೆಡೆಸ್ಟಲ್ ಫ್ಯಾನ್ ಬೇಕು. ಹ್ಯಾಂಡಲ್ ಮೇಲೆ ಟವೆಲ್ ಹಾಸದಿದ್ದರೆ ಉಪ್ಪು ನೀರು ಸ್ಟೆಮ್ಮಿನ ಬೋಲ್ಟು, ಹೆಡ್‌ಸೆಟ್ ಬೇರಿಂಗಿಗೆ ಇಳಿದು ತುಕ್ಕು ಹಿಡಿಸುತ್ತದೆ. ಸೈಕಲ್ ಅತ್ತಿತ್ತ ವಾಲದ ಕಾರಣ ಕೂತ ಜಾಗದಲ್ಲೇ ಭಾರ ಬಿದ್ದು ಚರ್ಮ ಕೀಳುತ್ತದೆ; ಹತ್ತು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಎದ್ದು ನಿಂತು ತುಳಿಯಿರಿ.

ಪವರ್ ಸಂಖ್ಯೆಯನ್ನು ಕಣ್ಣು ಮುಚ್ಚಿ ನಂಬುವುದೂ ತಪ್ಪು. ಹತ್ತು ಹದಿನೈದು ನಿಮಿಷ ತುಳಿದು ಬಿಸಿಯಾದ ಮೇಲೆ ಆ್ಯಪಿನಲ್ಲಿ ಸ್ಪಿನ್‌ಡೌನ್ (ವೇಗ ಹಿಡಿದು ತುಳಿಯುವುದು ನಿಲ್ಲಿಸಿ ಅಳತೆ ಸರಿಪಡಿಸುವುದು) ಮಾಡಿ. ಸೈಕಲ್ಲಿನ ಪೆಡಲಿನಲ್ಲಿ ಬೇರೆ ಪವರ್ ಮೀಟರ್ ಇದ್ದರೆ ಎರಡನ್ನೂ ಪಕ್ಕಪಕ್ಕ ನೋಡಿ. ಟ್ರೈನರ್ 200 ತೋರಿಸುವಾಗ ಪೆಡಲ್ 208 ಎಂದರೆ, ರೇಸಿನ ಲೆಕ್ಕ ಪೆಡಲಿನ ಸಂಖ್ಯೆಯಲ್ಲೇ ಇರಲಿ, ರಸ್ತೆಗೆ ನಿಮ್ಮ ಜೊತೆ ಬರುವುದು ಅದೇ.

ರೇಸಿಗೆ ಆರನೆಯ ವಾರ ಬಾಕಿ ಇರುವಾಗಿನಿಂದ ಮೂರನೆಯ ವಾರ ಬಾಕಿ ಇರುವವರೆಗೆ ಮಂಗಳವಾರ, ಗುರುವಾರ ಮನೆಯೊಳಗೆ. ಭಾನುವಾರದ ಉದ್ದದ ಸವಾರಿ ಒಂದು ವಾರ ಒಳಗೆ, ಒಂದು ವಾರ ಹೊರಗೆ. ಒಳಗಿನ ಮೂರು ಗಂಟೆ ಮುಗಿದಾಗ ಮನೆಯವರಿನ್ನೂ ದೋಸೆ ತಿನ್ನುತ್ತಿರುತ್ತಾರೆ. ಆದರೆ ಮೊಣಕೈ ಊರಿ ಬಾಗಿ ಹಿಡಿಯುವ ಏರೋ ಬಾರಿನಲ್ಲಿ ಅಡ್ಡಗಾಳಿ ತಡೆಯುವುದು, ಓಡುತ್ತಲೇ ಬಾಟಲಿ ತೆಗೆದು ಮತ್ತೆ ಇಡುವುದು ಇಲ್ಲಿ ಬರುವುದಿಲ್ಲ. ಕೊನೆಯ ಎರಡು ವಾರ ಸವಾರಿ ಹೇಗೂ ಅರ್ಧಕ್ಕೆ ಇಳಿಯುತ್ತದೆ. ಆಗ ಟ್ರೈನರ್ ಬಿಟ್ಟು ರಸ್ತೆಗೇ ಹೋಗಿ.

ಬಿಚ್ಚುವಾಗ ಎರಡು ಕೆಲಸ. ಡಿಸ್ಕ್ ಬ್ರೇಕ್ ಇದ್ದರೆ, ಚಕ್ರ ಇಲ್ಲದಾಗ ಲಿವರ್ ಅದುಮಬೇಡಿ, ಪ್ಯಾಡುಗಳ ನಡುವೆ ಸ್ಪೇಸರ್ ಇಟ್ಟಿರಿ. ಮಕ್ಕಳು ಆಟಕ್ಕೆ ಒಮ್ಮೆ ಅದುಮಿದರೂ ಪಿಸ್ಟನ್ ಹೊರಬಂದು ಚಕ್ರ ಕೂರುವುದಿಲ್ಲ. ಟ್ರೈನರಿನ ಕ್ಯಾಸೆಟ್ಟೂ ಚಕ್ರದ ಕ್ಯಾಸೆಟ್ಟೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಕೂರುವುದರಿಂದ ಗೇರು ಕರಕರ ಎನ್ನುತ್ತದೆ. ಗೇರ್ ಕೇಬಲ್ಲಿನ ಬಿಗಿ ಹೊಂದಿಸುವ ಬ್ಯಾರಲ್ ಅಡ್ಜಸ್ಟರನ್ನು ಕಾಲು ಸುತ್ತು ತಿರುಗಿಸಿ, ಎಲ್ಲ ಗೇರಿಗೂ ಹಾಕಿ ನೋಡಿ, ಆಮೇಲೆ ಸೈಕಲ್ಲನ್ನು ಪೆಟ್ಟಿಗೆಗೆ ತುಂಬಿ.