ಕನಸಿನ ಕಾಲೇಜೋ, ಖಚಿತ ಸೀಟೋ?

ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಅಮೆರಿಕದ ಜಾಲತಾಣ ಕಾಮನ್ ಆ್ಯಪ್‌ನಲ್ಲಿ 20 ಕಾಲೇಜುಗಳವರೆಗೆ ಅರ್ಜಿ ಹಾಕಬಹುದು. ಹಾಗಂತ ಎಲ್ಲವೂ ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಥರದವೇ ಆದರೆ ಲಾಟರಿ ಆಡಿದ ಹಾಗೆ. ನೂರಕ್ಕೆ ಐದು ಜನರನ್ನೂ ತೆಗೆದುಕೊಳ್ಳದ ಕಡೆ ಪೂರ್ಣ ಅಂಕ ಬಂದವರಿಗೂ ಭರವಸೆಯಿಲ್ಲ.

ಮಧ್ಯಮ ಸಾಲಿನ ಕಾಲೇಜುಗಳ ಕಥೆ ಬೇರೆ. ಕಾಲೇಜು ತನ್ನ ಅಂಕಿಅಂಶ ಪ್ರಕಟಿಸುವ ‘ಕಾಮನ್ ಡೇಟಾ ಸೆಟ್’ ತೆರೆದು ಸಿ9 ವಿಭಾಗ ನೋಡಿ. ಅಲ್ಲಿ ಸೇರಿದವರ ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) ಅಂಕ 25ನೇ ಮತ್ತು 75ನೇ ಪರ್ಸೆಂಟೈಲ್‌ನಲ್ಲಿ ಎಷ್ಟೆಂದು ಕೊಟ್ಟಿರುತ್ತಾರೆ; ಅಂದರೆ ಮಧ್ಯದ ಅರ್ಧದಷ್ಟು ಜನರ ಅಂಕ ಈ ಎರಡರ ನಡುವೆ ಇರುತ್ತದೆ. ನಿಮ್ಮ ಅಂಕ ಇವೆರಡರ ನಡುವೆ ಬಿದ್ದು, ಪ್ರವೇಶದ ಪ್ರಮಾಣವೂ ತೀರಾ ಕಡಿಮೆಯಿಲ್ಲದಿದ್ದರೆ ಅದು ನಿಮಗೆ ಸರಿಹೊಂದುವ ಕಾಲೇಜು. ನನ್ನ ಪ್ರಕಾರ ಅರ್ಧ ಪಟ್ಟಿ ಇಂಥವೇ ಇರಲಿ.

ಸುರಕ್ಷಿತ ಕಾಲೇಜನ್ನು, ಅಂದರೆ ಸೀಟು ಬಹುತೇಕ ಖಚಿತವಾಗಿರುವುದನ್ನು, ಹೆಚ್ಚಿನವರು ಕಾಟಾಚಾರಕ್ಕೆ ಸೇರಿಸುತ್ತಾರೆ. ಎರಡೇ ಸಾಕು, ಆದರೆ ಖುಷಿಯಿಂದ ಹೋಗುವಂಥವಿರಲಿ. ಸೀಟು ಸಿಕ್ಕಿಯೂ ಫೀಸು ಕಟ್ಟಲಾಗದಿದ್ದರೆ ಅದೆಂಥ ಸುರಕ್ಷೆ? ಅರ್ಜಿಗೆ ಮೊದಲೇ ಆ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ಗೆ (ನೆರವು ಕಳೆದು ಉಳಿಯುವ ಖರ್ಚನ್ನು ಅಂದಾಜಿಸುವ ಆನ್‌ಲೈನ್ ಸಾಧನ) ಮನೆಯ ಆದಾಯ ಹಾಕಿ ನೋಡಿ.